ದೇವರಿಗೆ ಬಿಟ್ಟ ಜಾಗ

ಶಿದ್ರಾಯನ ಬದುಕು ಕೆಟ್ಟದ್ದು ಒಂದು ಬೆರಳಿನ ಅಗಲದ ಖಾಲಿ ಜಾಗದಿಂದ.

ಉಟಗಿಯ ಕನ್ನಡ ಸಾಲಿಯಲ್ಲಿ ಅವನಿಗೆ ಅಕ್ಷರ ಕಲಿಸಿದ ಮುರಗೆಪ್ಪ ಮಾಸ್ತರರದ್ದು ಒಂದು ಕಟ್ಟಳೆ ಇತ್ತು. ಪಾಟಿ ಇರಲಿ, ವಹಿ ಇರಲಿ, ಹೊಸದಾಗಿ ಏನೇ ಬರೆಯಲು ಕೂತರೂ ಮೊದಲ ಸಾಲಿನ ಆರಂಭಕ್ಕೆ ಒಂದು ಬೆರಳಿನಷ್ಟು ಜಾಗ ದೇವರಿಗೆ ಬಿಡಬೇಕು. "ಅಲ್ಲಿ ಮದಲ ಅವ ಕುಂದರ್ತಾನ. ಅವ ಕುಂತ ಮ್ಯಾಲೆ ನೀವು ಬರೀರಿ" ಅನ್ನುತ್ತಿದ್ದರು. ಬಿಡದವರ ಬೆರಳಿನ ಮೇಲೆ ಪಟ್ಟಿಯ ಏಟು ಬೀಳುತ್ತಿತ್ತು. ಮಾಸ್ತರರು ಹೋಗಿ ಹನ್ನೆರಡು ವರ್ಷವಾಯಿತು. ಶಿದ್ರಾಯನಿಗೆ ಮೂವತ್ತಮೂರು ತುಂಬಿತು. ಬೆರಳು ಮಾತ್ರ ಏಟನ್ನು ಮರೆತಿಲ್ಲ. ಅರ್ಜಿಗೂ ಅದೇ, ಲಗ್ನಪತ್ರಿಕೆಗೂ ಅದೇ, ಕಂಪ್ಯೂಟರಿಗೂ ಅದೇ.

ಶಿದ್ರಾಯ ಜತ್ತದ ಕುರಿ ನೋಂದಣಿ ಕಚೇರಿಯಲ್ಲಿ ಕಂಪ್ಯೂಟರ್ ನಡೆಸುವವನು. ಅಲ್ಲಿನ ಮಾಡಗ್ಯಾಳ ತಳಿಯ ಕುರಿ ಎಂದರೆ ಸರ್ಕಾರಕ್ಕೂ ಹೆಮ್ಮೆ. ಹುಟ್ಟಿದ ಎಂಟು ದಿನಕ್ಕೆ ಮರಿಯ ಕಿವಿಗೆ ಹಳದಿ ಬಿಲ್ಲೆ ಬಡಿಯುತ್ತಾರೆ. ಬಿಲ್ಲೆಯ ಮೇಲೆ ಹನ್ನೆರಡು ಅಂಕಿಯ ನಂಬರು. ಆ ನಂಬರು ಕಂಪ್ಯೂಟರಿಗೆ ಏರಿಸುವ ಶಿದ್ರಾಯನಿಗೆ ನಂಬರಿಲ್ಲ. ಅವನು ಕಂತ್ರಾಟಿ. ಹನ್ನೊಂದು ತಿಂಗಳಿಗೊಮ್ಮೆ ಅವನ ನೌಕರಿ ಸಾಯುತ್ತದೆ, ಒಂದು ದಿನ ಹೆಣವಾಗಿ ಮಲಗುತ್ತದೆ, ಮರುದಿನ ಹೊಸದಾಗಿ ಹುಟ್ಟುತ್ತದೆ. ಕಾಯ್ದೆಯ ಕಣ್ಣಿಗೆ ಅವನು ಯಾವಾಗಲೂ ನಿನ್ನೆ ಬಂದವನು. ಕುರಿಯನ್ನಾದರೂ ಹೀಗೆ ಸಾಕಿದರೆ ಜನ ಛೀ ಅಂತಾರೆ.

ಆದರೆ ಈ ಸಲ ಮೇಲಿನಿಂದ ಹೊಸ ಆದೇಶ ಬಂದಿತ್ತು. ಐದು ವರ್ಷ ಹೀಗೆ ಸತ್ತು ಹುಟ್ಟಿದವರಿಗೆ ಕಾಯಂ ನಂಬರು ಕೊಡುತ್ತಾರೆ. ಕಚೇರಿಯಲ್ಲಿ ಅಂಥವರು ಆರು ಜನ. ಆರೂ ಹೆಸರಿನ ಯಾದಿ ಇವತ್ತು ಸಂಜೆ ಐದರೊಳಗೆ ಕಂಪ್ಯೂಟರಿನಿಂದ ಮೇಲಿನ ಕಚೇರಿಗೆ ಹೋಗಬೇಕು. ಹೆಸರಿದ್ದವರು ಕಾಯಂ. ಇಲ್ಲದವರು ನಾಳೆಯಿಂದ ಮನಿಗೆ.

ಯಾದಿಯನ್ನು ಶಿದ್ರಾಯ ನಿನ್ನೆಯೇ ಟೈಪು ಮಾಡಿಟ್ಟಿದ್ದ. ಉದ್ದನೆಯ ಯಾದಿಗಳ ಬಾಲ ಹೇಗೆ ಕತ್ತರಿಸಿಹೋಗುತ್ತದೆ ಅನ್ನುವುದು ಐದು ವರ್ಷದಿಂದ ನೋಡಿದ್ದರಿಂದ ತನ್ನ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿಕೊಂಡಿದ್ದ. ಕೆಳಗೆ ಡ್ರೈವರ್, ವಾಚಮನ್, ಬಿಲ್ಲೆ ಬಡಿಯುವ ಇಬ್ಬರು. ಎಲ್ಲರಿಗಿಂತ ಕೆಳಗೆ ಕಸ ಹೊಡೆಯುವ ಕಾಳವ್ವ. ಕಾಳವ್ವನಿಗೆ ಎಲ್ಲಿಯಾದರೂ ಕೆಳಗೇ ಜಾಗ, ಅದಕ್ಕೆ ಯಾರೂ ವಿಚಾರ ಮಾಡಬೇಕಾಗಿರಲಿಲ್ಲ.

ಉಳಿದದ್ದು ಯಾದಿಯನ್ನು ಕಳಿಸುವುದು. ಕಳಿಸಲಿಕ್ಕೆ ಕರಿ ಪರದೆಯ ಮೇಲೆ ಒಂದು ಕಮಾಂಡ್ ಹೊಡೆಯಬೇಕು. ಮೂರು ಸಾಲಿನದು, ನಡುನಡುವೆ ಕೊಕ್ಕೆ, ಚುಕ್ಕೆ, ಅಡ್ಡಗೆರೆ. ಶಿದ್ರಾಯ ಐದು ವರ್ಷದಲ್ಲಿ ಒಂದೂ ಕಮಾಂಡನ್ನು ಬಾಯಿಪಾಠ ಮಾಡಿದವನಲ್ಲ. ಹಳೆಯ ಎಂಜಿನಿಯರ್ ಒಬ್ಬ ಹೊಡೆದಿಟ್ಟು ಹೋದದ್ದೆಲ್ಲ ಕಂಪ್ಯೂಟರಿನ ನೆನಪಿನಲ್ಲಿ ಇತ್ತು. ಹುಡುಕುವ ಸಾಧನ ತೆರೆದು ಎರಡು ಅಕ್ಷರ ಒತ್ತಿದರೆ ಹಳೆ ಕಮಾಂಡು ಬಾವಿಯಿಂದ ಕೊಡ ಬಂದಂತೆ ಮೇಲೆ ಬರುತ್ತಿತ್ತು. ಎಂಟರ್ ಹೊಡೆದರೆ ಮುಗಿಯಿತು. ಈ ಹೊಸ ಕಮಾಂಡ್ ಒಂದನ್ನು ಮಾತ್ರ ಹದಿನೈದು ದಿನದ ಹಿಂದೆ ಮೇಲಿನ ಕಚೇರಿಯವನು ಫೋನಿನಲ್ಲಿ ಹೇಳಿ ಬರೆಸಿದ್ದ. ಶಿದ್ರಾಯ ಒಂದು ಹರಕು ಫಾರ್ಮಿನ ಹಿಂದೆ ಬರೆದುಕೊಂಡು, ಅದನ್ನು ನೋಡಿ ಟೈಪು ಮಾಡಿ, ಪರೀಕ್ಷೆಗೆಂದು ಕುರಿಗಳ ಯಾದಿಯ ಮೇಲೆ ಓಡಿಸಿದ್ದ. ಒಂದು ಕುರಿಯೂ ತಪ್ಪದಂತೆ ಹೋಯಿತು. ಇನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ ಎಂದು ಫಾರ್ಮನ್ನು ಮುದ್ದೆ ಮಾಡಿ ಎಸೆದಿದ್ದ.

ಇವತ್ತು ಹತ್ತೂವರೆಗೆ ಬಂದು ಕೂತು ಹುಡುಕಿದ. ಯಾದಿ ಎಂದು ಒತ್ತಿದರೆ ಕುರಿ ಸತ್ತ ಯಾದಿ ಬಂತು, ಲಸಿಕೆ ಯಾದಿ ಬಂತು, ಮೂರು ವರ್ಷದ ಹಿಂದೆ ಕಳೆದುಹೋದ ಟಗರಿನ ಯಾದಿಯೂ ಬಂತು. ಬೇಕಾದದ್ದೊಂದು ಬರಲಿಲ್ಲ. ಮತ್ತೊಮ್ಮೆ ಒತ್ತಿದ. ಕಣ್ಣು ಮುಚ್ಚಿ ತೆರೆದು ಒತ್ತಿದ.

"ಯಾಕಲೇ ಶಿದ್ರಾಯ, ಹಿಂಡ ತಪ್ಪಿಸಿಕೊಂಡಾವರ ಮಾರಿ ಆದಂಗ ಆಗೈತಲ್ಲ ನಿನ್ನ ಮಾರಿ?" ಎದುರು ಮೇಜಿನಿಂದ ಹೆಡ್ ಕ್ಲಾರ್ಕ್ ಗುರಪ್ಪ ಕೇಳಿದರು. ಗುರಪ್ಪ ಕಾಯಂ ನೌಕರರು. ಅವರ ಕುರ್ಚಿಯ ಮೇಲಿನ ಟವೆಲ್ಲೂ ಕಾಯಂ.

"ಕಮಾಂಡ್ ಕಾಣವಲ್ದರಿ, ಭಾವುಸಾಹೇಬ್ರ."

"ಕಾಣವಲ್ದು ಅಂದ್ರ?"

"ಇಲ್ಲೇ ಇತ್ತರಿ. ಇವತ್ತ ಇಲ್ಲ."

"ಹಂಗಾರ ಕಳುವಾತು ಅನ್ನು." ಗುರಪ್ಪನವರ ಮುಖಕ್ಕೆ ಹಬ್ಬದ ಕಳೆ ಬಂತು. ಡ್ರಾವರಿನಿಂದ ಕಾರ್ಬನ್ ಕಾಗದ ಹೊರಗೆ ಬಂತು. "ಸರ್ಕಾರಿ ಸಾಮಾನು ಕಳದ್ರ ಮದಲ ಪಂಚನಾಮಾ. ಹುಡುಕೂದು ಆಮ್ಯಾಲೆ."

"ಐದರೊಳಗ ಯಾದಿ ಹೋಗಬೇಕರಿ..."

"ಪಂಚನಾಮಾ ಇಲ್ಲದ ಹುಡುಕಿ, ಸಿಕ್ಕೇಬಿಟ್ರ? ಕಳದಿತ್ತು ಅನ್ನೂದಕ್ಕ ಏನ ಪುರಾವೆ ಉಳೀತು? ಹೇಳು, ಸಾಮಾನಿನ ಬಣ್ಣ ಯಾವುದು?"

ಜತ್ತ ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ್ದರಿಂದ ಪಂಚನಾಮಾ ಮರಾಠಿಯಲ್ಲೇ ಆಗಬೇಕು, ಮೂರು ಪ್ರತಿ ಆಗಬೇಕು. ಬರೆಯುವ ಗುರಪ್ಪ ಮನೆಯಲ್ಲಿ ಆಡುವುದು ಕನ್ನಡ, ಬರೆಸುವ ಶಿದ್ರಾಯ ಆಡುವುದು ಕನ್ನಡ, ನೋಡಲು ನಿಂತ ಶಿಪಾಯಿ ಶಂಕರೆಪ್ಪ ಬೈಯುವುದೂ ಕನ್ನಡದಲ್ಲೇ. ಮೂವರೂ ಸೇರಿ ಕನ್ನಡದಲ್ಲಿ ಜಗಳಾಡಿ ಮರಾಠಿಯಲ್ಲಿ ಬರೆದರು. ಕಳೆದ ಸಾಮಾನು, ಕಮಾಂಡ್, ಎಣಿಕೆಗೆ ನಗ ಒಂದು. ಉದ್ದ, ಮೂರು ಸಾಲು. ಬಣ್ಣ, ಕರಿ ನೆಲದ ಮೇಲೆ ಬಿಳಿ. ಗುರುತಿನ ಮಚ್ಚೆ, ನಡುವೆ ಎರಡು ಕೊಕ್ಕೆ. ಇಷ್ಟಕ್ಕೆ ಹನ್ನೊಂದೂವರೆ ಆಯಿತು.

"ಸಂಶಯ ಯಾರ ಮ್ಯಾಲೆ?" ಗುರಪ್ಪ ಪೆನ್ನು ಎತ್ತಿ ಹಿಡಿದರು.

"ಯಾರ ಮ್ಯಾಲೂ ಇಲ್ಲರಿ."

"ಆ ಕಲಂ ಖಾಲಿ ಬಿಡಂಗಿಲ್ಲೋ ತಮ್ಮಾ. ಯಾರದರೆ ಒಂದು ಹೆಸರು ಬೇಕ. ಇಲ್ಲಂದ್ರ ನಿನ್ನ ಹೆಸರ ಬರೀಬೇಕಾಗ್ತೈತಿ. ಕಾಯಂ ಆಗೂ ದಿನ ಬ್ಯಾಡ ನೋಡು ನಿನಗದು."

ಅಷ್ಟರಲ್ಲಿ ಒದ್ದೆ ಅರಿವೆ ಹಿಡಿದು ಕಾಳವ್ವ ಒಳಗೆ ಬಂದಳು. ಅರವತ್ತಕ್ಕೆ ಹತ್ತಿರದ ಮುದುಕಿ. ಮೇಜು ಒರೆಸಿದಳು, ಕೀಬೋರ್ಡ್ ಒರೆಸಿದಳು, ಗುರಪ್ಪನವರ ಮೊಣಕೈ ಎತ್ತಿಸಿ ಅದರ ಕೆಳಗೂ ಒರೆಸಿ ಹೊರಗೆ ಹೋದಳು. ಶಂಕರೆಪ್ಪನ ಕಣ್ಣು ಅವಳ ಅರಿವೆಯ ಹಿಂದೆ ಹೋಯಿತು.

"ಭಾವುಸಾಹೇಬ್ರ, ದಿನಾ ಹಿಂಗ ಒರಸ್ತಾಳಲ್ರಿ. ಹಸಿ ಅರಿವಿಲೆ ಒರಸಿದ್ರ ಏನ ಉಳೀತೈತಿ?"

ಗುರಪ್ಪನವರ ಪೆನ್ನು ಇಳಿಯಿತು. "ಕಾಳವ್ವ, ಸಫಾಯಿ ಕಾಮಗಾರ. ಹಸಿ ಅರಿವೆಯಿಂದ ಕಮಾಂಡ್ ಒರೆಸಿ ಹಾಕಿರುವ ಬಲವಾದ ಸಂಶಯ." ಮೂರೂ ಪ್ರತಿಯಲ್ಲಿ ಚೆನ್ನಾಗಿ ಮೂಡಿತು. ನೆನಪು ಒರೆಸಿದರೆ ಹೋಗುವಂಥದ್ದಲ್ಲ ಎಂದು ಶಿದ್ರಾಯನಿಗೆ ಗೊತ್ತಿತ್ತು. ಬಾಯಿ ತೆರೆದ. ಖಾಲಿ ಕಲಮಿನಲ್ಲಿ ತನ್ನ ಹೆಸರು ಕೂರುವುದು ಕಣ್ಣಿಗೆ ಕಂಡಿತು. ಬಾಯಿ ಮುಚ್ಚಿದ.

ಕಾಳವ್ವನನ್ನು ಕರೆದು ಹೆಬ್ಬೆಟ್ಟು ಹಾಕು ಅಂದರು. ಅವಳು ನಕ್ಕಳು. ತಂಬಾಕಿನ ನಸೆಪುಡಿ ತಿಕ್ಕಿ ಕಪ್ಪಾದ ಹಲ್ಲು ಅಷ್ಟೂ ಕಂಡವು.

"ಕಾಯಂ ಮಾಡೂ ಕಾಗದ ಏನ್ರಿ ಯಪ್ಪಾ?"

"ಹ್ಞೂಂ, ಹ್ಞೂಂ. ಹಾಕು," ಅಂದರು ಗುರಪ್ಪ.

ನೀಲಿ ಶಾಯಿ ಹಚ್ಚಿಕೊಂಡು ಮೂರು ಪ್ರತಿಗೂ ಒತ್ತಿ ಒತ್ತಿ ಹಾಕಿದಳು. ಕೆಳಗೆ ಸಾಕ್ಷಿ ಎಂದು ಶಿದ್ರಾಯ ಸಹಿ ಮಾಡಿದ. ಕಾಳವ್ವ ಅವನ ತಲೆ ನೇವರಿಸಿ, "ನಿನ್ನ ಪುಣ್ಯಾ ತಮ್ಮಾ. ಓದ ಬಂದಾವ ಒಬ್ಬ ನಮ್ಮಾವ ಅದಾನ ಅಂತ ನನಗ ಧೈರ್ಯ" ಅಂದಳು. ಶಿದ್ರಾಯ ಕಂಪ್ಯೂಟರಿನ ಹಿಂದಿನ ವೈರುಗಳನ್ನು ಬಹಳ ಗಮನವಿಟ್ಟು ನೋಡಿದ.

ಒಂದು ಗಂಟೆಗೆ ಕಮಾಂಡ್ ಬರೆಸಿದವನಿಗೆ ಫೋನು ಹಚ್ಚಿದ. ಅತ್ತಲಿನ ದನಿ ಯಾವುದೋ ಹೊಟೇಲಿನ ಗದ್ದಲದೊಳಗಿಂದ ಮರಾಠಿಯಲ್ಲಿ ಬಂತು. ನನ್ನ ಕಂತ್ರಾಟ ಹೋದ ವಾರ ಮುಗಿಯಿತು, ಅವರಿಗೆ ನನ್ನ ನೆನಪಿಲ್ಲ, ನನಗೆ ಅವರ ಕಮಾಂಡಿನ ನೆನಪಿಲ್ಲ, ಲೆಕ್ಕ ಚುಕ್ತಾ ಎಂದು ಹೇಳಿ ಫೋನು ಇಟ್ಟಿತು.

ಆಗ ಶಂಕರೆಪ್ಪ ಮುಂದೆ ಬಂದ. ಇಪ್ಪತ್ತು ವರ್ಷದಿಂದ ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತು ಅವನಿಗೆ ಎಲ್ಲ ವಿದ್ಯೆಯೂ ಬಂದಿತ್ತು. "ಮಿಷನ್ ಅಂದ್ರ ಎಮ್ಮಿ ಇದ್ದಂಗಲೇ. ಬೆದರೈತಿ. ಒಮ್ಮೆ ಮಲಗಿಸಿ ಎಬ್ಬಿಸಿದ್ರ ತಾನ ಕೊಡ್ತೈತಿ."

"ಬ್ಯಾಡೋ ಶಂಕರೆಪ್ಪಣ್ಣಾ, ಮುಟ್ಟಬ್ಯಾಡ..."

ಅನ್ನುವುದರೊಳಗೆ ಶಂಕರೆಪ್ಪ ಗೋಡೆಯ ಮೇನ್ ಸ್ವಿಚ್ಚನ್ನೇ ಇಳಿಸಿದ. ಕಂಪ್ಯೂಟರ್ ಮಲಗಿತು. ಫ್ಯಾನು ಮಲಗಿತು. ಸಾಹೇಬರಿಲ್ಲದ ಸಾಹೇಬರ ಕೋಣೆಯ ಕೂಲರೂ ಮಲಗಿತು. ಎಬ್ಬಿಸಿದಾಗ ಫ್ಯಾನು ಎದ್ದಿತು, ಕೂಲರ್ ಎದ್ದಿತು. ಕಂಪ್ಯೂಟರ್ ಮಾತ್ರ ಸಾಲಿಗೆ ಹೋಗಲೊಲ್ಲದ ಪೋರನಂತೆ ಮುಸುಗು ತೆಗೆಯಲು ಮುಕ್ಕಾಲು ತಾಸು ತೆಗೆದುಕೊಂಡಿತು. ಆ ಮುಕ್ಕಾಲು ತಾಸು ಗುರಪ್ಪ ಎಲೆ ಅಡಿಕೆ ಹಾಕುತ್ತ ಶಿದ್ರಾಯನಿಗೆ ಧೈರ್ಯ ಹೇಳಿದರು. "ಕಾಯಂ ಆಗಿ ನಾವರೆ ಏನ ಕಿಸದೀವಿ ಹೇಳು? ಮೂಲವ್ಯಾಧಿ ಒಂದು ಕಾಯಂ ಆತು."

ಮೂರಕ್ಕೆ ಶಿದ್ರಾಯ ರವಿಕುಮಾರನನ್ನು ಕರೆತಂದ. ರವಿಕುಮಾರ ಬಸ್ ಸ್ಟ್ಯಾಂಡಿನ ಎದುರಿಗೆ ಕಂಪ್ಯೂಟರ್ ಕ್ಲಾಸು ನಡೆಸುವವನು. ಕಚೇರಿಗಳವರು ಕರೆದರೆ ಚಹಾದ ಮೇಲೆ ದುರಸ್ತಿ ಮಾಡಿಕೊಡುತ್ತಿದ್ದ. ಕೂತವನೇ ಕರಿ ಪರದೆ ತೆರೆದು ಕುತ್ತಿಗೆಯ ನಟಿಗೆ ಮುರಿದುಕೊಂಡ.

"ಈ ಹುಡುಕೂ ಸಾಧನಕ್ಕ ಒಂದು ಖೋಡಿ ಐತಿ. ಒಮ್ಮೊಮ್ಮೆ ಇವತ್ತ ಹೊಡದದ್ದಷ್ಟ ನೋಡ್ತೈತಿ. ಒಮ್ಮೊಮ್ಮೆ ಇದೊಂದ ಫೋಲ್ಡರಿಂದಷ್ಟ. ತಡಿ, ಎಲ್ಲಾ ನೋಡು ಅಂತ ಹೇಳೂಣು."

ಎಲ್ಲಾ ನೋಡು ಎಂದು ಹೇಳಿದ. ಐದು ವರ್ಷದ ಕಮಾಂಡುಗಳು ಸಂತೆಯ ಜನದಂತೆ ಬಂದು ನಿಂತವು. ಶಿದ್ರಾಯ ಒಂದೊಂದರ ಮುಖ ನೋಡಿದ. ಅದು ಇರಲಿಲ್ಲ.

"ಹೊಡದ ದಿನ ಯಾವುದು?" ರವಿಕುಮಾರ ಆ ದಿನಕ್ಕೆ ಹೋದ. "ಚಮತ್ಕಾರ ಐತಲ್ಲೋ! ಹತ್ತೂವರಿದು ಐತಿ, ಹನ್ನೆರಡೂವರಿದು ಐತಿ. ನಡುವಿಂದಷ್ಟ ಇಲ್ಲ. ಅಂದ್ರ ಯಾರೂ ಅಳಿಸಿಲ್ಲಪಾ. ಮದಲ ಬರಕೊಂಡ ಇಲ್ಲ ಇದು."

"ಕಾಳವ್ವ ಒರಸಿಲ್ಲ ಅನ್ರಿ," ಅಂದ ಶಿದ್ರಾಯ, ಗುರಪ್ಪನವರಿಗೆ ಕೇಳುವಂತೆ.

"ಅದನ್ನ ಮರಾಠಿಯೊಳಗ ಬರದು ಕೊಡ್ರಿ," ಅಂದರು ಗುರಪ್ಪ. "ಪಂಚನಾಮಾ ರದ್ದು ಮಾಡಾಕ ಇನ್ನೊಂದು ಪಂಚನಾಮಾ ಬೇಕು. ಕಾರ್ಬನ್ ತೀರೈತಿ, ನಾಳಿ ನೋಡೂಣು."

ರವಿಕುಮಾರ ಕುರ್ಚಿ ಬಿಟ್ಟುಕೊಟ್ಟ. "ಅವತ್ತ ನೀ ಹ್ಯಾಂಗ ಹೊಡದಿ, ಹಂಗ ಏನರೆ ಒಂದು ಹೊಡದ ತೋರಸು ನೋಡೂಣು."

ಶಿದ್ರಾಯ ಕೂತ. ಹೆಬ್ಬೆರಳಿನಿಂದ ಉದ್ದ ಗುಂಡಿಯನ್ನು ಒಮ್ಮೆ ಮೆತ್ತಗೆ ಒತ್ತಿದ. ಆಮೇಲೆ ಅಕ್ಷರ ಹೊಡೆದ.

"ಆ ಮದಲಿಂದ ಯಾಕ ಒತ್ತಿದಿ?"

"ಯಾವುದು?"

"ಖಾಲಿ ಜಾಗ ಬಿಟ್ಟಿಯಲ್ಲೋ."

"ಅದು ದೇವರಿಗರಿ," ಅಂದ ಶಿದ್ರಾಯ.

ರವಿಕುಮಾರನಿಗೆ ನಗು ಹತ್ತಿತು. ಚಹಾ ಮೂಗಿಗೇರಿತು. "ಅಯ್ಯೋ ಮಾರಾಯಾ! ಮದಲ ಜಾಗ ಬಿಟ್ಟು ಹೊಡದ್ರ ಇದು ನೆನಪ ಇಟ್ಟುಕೊಳ್ಳಾಂಗಿಲ್ಲೋ! ಪಾಸ್‌ವರ್ಡು, ಗುಟ್ಟಿನ ಮಾತು ಇರ್ತಾವ ನೋಡು, ಅಂಥಾವು ಮರೀಲಿ ಅಂತ ಬೇಕಂತ ಹಂಗ ಇಟ್ಟಾರ. ಹಳೇ ಕಮಾಂಡೆಲ್ಲ ಎಂಜಿನಿಯರ್ ಹೊಡದದ್ದು, ಅವ ದೇವರಿಗೆ ಬಿಟ್ಟಿಲ್ಲ, ಉಳದಾವ. ನೀ ನಿನ್ನ ಕೈಲೆ ಹೊಡದದ್ದು ಜನ್ಮದಾಗ ಇದೊಂದು. ಅದನ್ನ ದೇವರಿಗೆ ಬಿಟ್ಟಿ. ಅವ ನುಂಗಿದ."

"ಹಂಗಾರ ಎಲ್ಲಿ ಹುಡಕ್ಲಿರಿ?"

"ಎಲ್ಲೂ ಇಲ್ಲ. ಬರಕೊಂಡಿದ್ದ ಕಾಗದ ಇದ್ರ ನೋಡು."

ನಾಲ್ಕು ಗಂಟೆ ಹತ್ತು ನಿಮಿಷ. ಶಿದ್ರಾಯ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದ. ಹದಿನೈದು ದಿನದ ಹಿಂದಿನ ಮುದ್ದೆ ಅಲ್ಲಿ ಎಲ್ಲಿರಬೇಕು? ಬರೀ ಕಡಲಿ ಸಿಪ್ಪೆ, ಗುರಪ್ಪನವರ ಎಲೆಯ ತೊಟ್ಟು. ಅವುಗಳ ನಡುವೆ ಮೊಣಕಾಲೂರಿ ಕೂತ ಅವನಿಗೆ ಅಳು ಬಂತು. ಬಾಗಿಲಲ್ಲಿ ಕಾಳವ್ವ ನಿಂತಿದ್ದಳು.

"ಏನ ಹುಡಕ್ತೀ ತಮ್ಮಾ?"

"ಒಂದು ಹಳದಿ ಫಾರ್ಮ ಆಯೀ. ಹಿಂದ ಬರದಿದ್ದೆ. ಹೋತದು, ಬಿಡು."

"ಕೊಕ್ಕಿ ಕೊಕ್ಕಿ ಬರದದ್ದೇನು? ಅದನ್ಯಾಕ ಚೆಲ್ಲಲಿ? ಬರದ ಕಾಗದ ತುಳದ್ರ ಪಾಪ ಹತ್ತತೈತಿ. ನಮಗಂತೂ ಅಕ್ಷರ ಬರಲಿಲ್ಲ, ಕಾಲಾಗರೆ ಬೀಳಬಾರದು." ಒಳಗೆ ಹೋಗಿ ನೀರಿನ ಕೊಡದ ಹಿಂದಿನ ಗೋಡೆಯ ಇಲಿ ಬಿಲಕ್ಕೆ ತುರುಕಿದ್ದ ಕಾಗದದ ಮುದ್ದೆ ಎಳೆದು ತಂದಳು. ಮಡಿಕೆ ಬಿಡಿಸಿ ಸೆರಗಿನಿಂದ ಒರೆಸಿದಳು. ಮೂಲೆಗೆ ಇಲಿ ಕಡಿದಿತ್ತು. ಮೂರೂ ಸಾಲು ನೆಟ್ಟಗಿದ್ದವು. ಕೊಡುವಾಗ ಅವಳ ಹೆಬ್ಬೆಟ್ಟಿನ ನೀಲಿ ಇನ್ನೂ ಹಾಗೇ ಇತ್ತು.

ಶಿದ್ರಾಯ ಅವಳ ಕಾಲು ಮುಟ್ಟಿದ. ಎದ್ದು ಗುರಪ್ಪನವರ ಟ್ರೇ ಕಡೆಗೆ ನೋಡಿದ. ಪಂಚನಾಮಾ ಅಲ್ಲೇ ಇತ್ತು. ಗಡಿಯಾರದ ಕಡೆಗೆ ನೋಡಿದ. ಮೊದಲು ಯಾದಿ ಹೋಗಲಿ, ಅದರ ವಿಚಾರ ಆಮೇಲೆ ಅಂದುಕೊಂಡ. ಬಡವರ ಎಲ್ಲ ವಿಚಾರಗಳೂ ಆಮೇಲೆಯೇ.

ಈ ಸಲ ಅವನು ದೇವರಿಗೆ ಜಾಗ ಬಿಡಲಿಲ್ಲ. ಮನಸ್ಸಿನಲ್ಲೇ ಮುರಗೆಪ್ಪ ಮಾಸ್ತರರ ಕ್ಷಮೆ ಕೇಳಿ, ಪರದೆಯ ಎಡ ಅಂಚಿಗೆ, ಗೋಡೆಗೆ ಆನಿಸಿದಂತೆ ಒಂದೊಂದೇ ಅಕ್ಷರ ಹೊಡೆದ. ರವಿಕುಮಾರ ಹಿಂದೆ ನಿಂತು ಕೊಕ್ಕೆ ತಿದ್ದಿದ. ನಾಲ್ಕು ಐವತ್ತೆರಡಕ್ಕೆ ಎಂಟರ್. ಪರದೆ ಒಂದು ಗಳಿಗೆ ಸುಮ್ಮನಿದ್ದು, ಯಾದಿ ಸ್ವೀಕೃತ ಎಂದು ಮರಾಠಿಯಲ್ಲಿ ಹೇಳಿತು. ಯಾದಿಯ ಪ್ರತಿ ಪ್ರಿಂಟರಿನಿಂದ ಕಿರ್ರೆಂದು ಇಳಿಯತೊಡಗಿತು.

ಶಿದ್ರಾಯ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದ. ಶಂಕರೆಪ್ಪ ಪೇಢೆ ತರಲು ಯಾರು ಹೋಗಬೇಕು ಎಂಬ ಪ್ರಶ್ನೆ ಎತ್ತಿದ. ಗುರಪ್ಪ ಎದ್ದು ಬಂದು ಶಿದ್ರಾಯನ ಕೈ ಕುಲುಕಿದರು. ಕಾಯಂ ನೌಕರರು ಕಾಯಂ ನೌಕರರ ಕೈಯನ್ನಷ್ಟೇ ಕುಲುಕುತ್ತಾರೆ. "ಬರ್ರಿ ಶಿದ್ರಾಯಪ್ಪನವರ," ಅಂದರು. ಐದು ವರ್ಷದಲ್ಲಿ ಮೊದಲ ಸಲ ಆ 'ರಿ' ಅವನ ಪಾಲಿಗೆ ಬಂತು. ಶಿದ್ರಾಯನ ಕಿವಿಗೆ ಯಾರೋ ಹಳದಿ ಬಿಲ್ಲೆ ಬಡಿದಷ್ಟು ಸುಖವಾಯಿತು.

ಪ್ರಿಂಟು ಎತ್ತಿಕೊಂಡ ಶಂಕರೆಪ್ಪ ಬೆರಳು ಮಡಚಿದ. ಮತ್ತೊಮ್ಮೆ ಮಡಚಿದ.

"ಆರ ಹೆಸರು ಅಂದಿದ್ದೆಲ್ಲೋ. ಐದ ಅದಾವು."

"ಸರಿ ನೋಡೋ. ಕೆಳಗ ಕಾಳವ್ವಂದು ಕಾಣವಲ್ದೇನು?"

"ಕಾಳವ್ವ ಅದಾಳ. ವಾಚಮನ್ ಅದಾನ. ಡ್ರೈವರ್ ಅದಾನ..." ಶಂಕರೆಪ್ಪನ ದನಿ ಸಣ್ಣದಾಯಿತು. "ನೀ ಇಲ್ಲಲ್ಲೋ ಮಗನ."

ರವಿಕುಮಾರ ಕಾಗದ ಕಸಿದುಕೊಂಡ. ಪರದೆಯ ಮೇಲೆ ಕಮಾಂಡಿನ ಮೂರನೆಯ ಸಾಲಿಗೆ ಬೆರಳಿಟ್ಟ. ಓದುತ್ತ ಓದುತ್ತ ಅವನ ನಗುವೆಲ್ಲ ಇಳಿದುಹೋಯಿತು.

"ಶಿದ್ರಾಯ, ಯಾದಿ ನೀನ ಟೈಪ ಮಾಡಿದ್ದೇನು?"

"ಹ್ಞೂಂರಿ. ನಿನ್ನಿ."

"ಮದಲನೇ ಸಾಲಿಗೆ... ಜಾಗ ಬಿಟ್ಟಿದ್ದಿ?"

ಶಿದ್ರಾಯ ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡ.

"ಇಲ್ಲಿ ಹಿಂಗ ಬರದಾರ ನೋಡು. ಖಾಲಿ ಜಾಗದಿಂದ ಸುರು ಆಗೂ ಸಾಲು ಕಸ ಅಂತ ತಿಳದು ಬಿಟ್ಟಬಿಡು. ಕುರಿ ಯಾದಿ ಮಿಷನ್ ಮಾಡಿದ್ದು, ಅದಕ್ಕ ದೇವರಿಲ್ಲ, ಪೂರಾ ಹೋತು. ಇದರಾಗ ಮದಲನೇ ಹೆಸರು ನಿಂದ ಇತ್ತು."

"ಇನ್ನೊಮ್ಮೆ ಕಳಸೂಣ್ರಿ! ಜಾಗ ತಗದು ಕಳಸೂಣು!" ಶಿದ್ರಾಯ ಹುಡುಕುವ ಸಾಧನ ತೆರೆದು ಎರಡು ಅಕ್ಷರ ಒತ್ತಿದ. ಕಮಾಂಡ್ ಈ ಸಲ ಕರೆದ ಕೂಡಲೇ ಬಂತು, ಮೂರೂ ಸಾಲು, ಎರಡೂ ಕೊಕ್ಕೆ. ಎಂಟರ್ ಹೊಡೆದ. ಮುದತ ಮುಗಿದಿದೆ ಎಂದಿತು ಪರದೆ. ಗಡಿಯಾರದಲ್ಲಿ ಐದು ಗಂಟೆ ಒಂದು ನಿಮಿಷ. ಮತ್ತೆ ಹೊಡೆದ. ಮುದತ ಮುಗಿದಿದೆ. ಕಂಪ್ಯೂಟರಿಗೆ ಈಗ ಎಲ್ಲವೂ ನೆನಪಿತ್ತು.

ಗುರಪ್ಪ ಹಿಂದೆ ಸರಿದು ತಮ್ಮ ಟವೆಲ್ಲಿನ ಮೇಲೆ ಕೂತರು. ಡ್ರಾವರ್ ಎಳೆದರು. ತೀರಿದ್ದ ಕಾರ್ಬನ್ ಹೇಗೋ ಒಂದು ಹಾಳೆ ಸಿಕ್ಕಿತು.

"ಬಾರೋ ತಮ್ಮಾ, ಕುಂದರು. ಅಳಬ್ಯಾಡ. ಪಂಚನಾಮಾ ಮಾಡೂಣು. ಕಳದ ಸಾಮಾನು, ಹೆಸರು, ನಗ ಒಂದು." 'ರಿ' ವಾಪಸು ಹೋಗಿತ್ತು. "ಉದ್ದ, ಮೂರಕ್ಷರ. ಕೊನೆಗೆ ನೋಡಿದವರು ಯಾರು ಬರೀಲಿ?"

"ಸಾಕ್ಷಿ ಕಾಳವ್ವನ ಹಾಕ್ರಿ," ಅಂದ ಶಂಕರೆಪ್ಪ. "ಹೆಂಗೂ ಆಕಿ ಹೆಬ್ಬಟ್ಟಿಗೆ ಶಾಯಿ ಐತಿ."

ಕಾಳವ್ವ ಬಂದಳು. ನಡೆದದ್ದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದಳು. ಅರ್ಥವಾದದ್ದು ಇಷ್ಟೇ. ಐದು ಮಂದಿಯದಾಯಿತು, ಓದು ಬಂದವನದು ಆಗಲಿಲ್ಲ. ಸೆರಗಿನ ತುದಿಯಿಂದ ಅವನ ಕಣ್ಣು ಒರೆಸಿದಳು. ಕಾಗದದ ಮೇಲೆ ಹೆಬ್ಬೆಟ್ಟು ಇಳಿಸಲು ಹೋದವಳು, ಅಲ್ಲೇ ತಡೆದಳು.

"ತಡೀರಿ ಯಪ್ಪಾ. ಓದ ಬಂದಾವಂದ ಹೆಸರು ಹೋತು ಅಂದ ಮ್ಯಾಲೆ ನಮ್ಮಂಥಾವರು ನೋಡಿ ಒತ್ತಬೇಕು." ಟ್ರೇಯಲ್ಲಿದ್ದ ಮುಂಜಾನೆಯ ಕಾಗದವನ್ನೂ ತೆಗೆದಳು. ನೀಲಿ ಹೆಬ್ಬೆಟ್ಟು ಇದ್ದ ಆ ಕಾಗದವನ್ನು ಹೊಸದರ ಮೇಲಿಟ್ಟು ಎರಡನ್ನೂ ಶಿದ್ರಾಯನ ಕೈಗೆ ಕೊಟ್ಟಳು.

"ಮುಂಜಾನಿ ಕೇಳಾಕ ಮರತಿದ್ದೆ. ಏನ ಬರದಾರ ಅಂತ ಕನ್ನಡದಾಗ ಒಂದೀಟು ಓದಿ ಹೇಳು ತಮ್ಮಾ. ಮದಲ ಮ್ಯಾಲಿಂದು ಓದು."